ಸಂಜೆಯ ಸುತ್ತು

ಎರಡನೆಯ ಬಾಯ್ಲರ್ ಒಂದು ಹನಿಯೂ ಸೋರದೆ ನೆಟ್ಟಗೆ ನಡೆಯುತ್ತಿತ್ತು. ಮೇಸ್ತ್ರಿಗೆ ತಲೆ ಕೆಟ್ಟದ್ದು ಅದಕ್ಕೇ. ಹಿಂದಿನ ದಿನ ಮಧ್ಯಾಹ್ನ ತಾವೇ ಅದರ ಜಾಯಿಂಟಿನ ನಟ್ಟು ಬಿಚ್ಚಿ, ಒಳ್ಳೆಯ ವಾಷರ್ ತೆಗೆದು ಹರಿದದ್ದೊಂದನ್ನು ಹಾಕಿ, ಹನಿ ಬೀಳುವುದನ್ನು ಕಣ್ಣಾರೆ ನೋಡಿದ್ದರು. ಈಗ ಕೆಳಗೆ ಅಂಗೈ ಇಟ್ಟರೆ ನೆಲ ಒಣಗಿತ್ತು. ಮೊದಲನೆಯದರ ಪಂಪಿನ ವೈರು ಸಡಿಲ ಮಾಡಿದ್ದರು, ಅದು ಬಿಗಿಯಾಗಿತ್ತು. ಮೂರನೆಯದರ ಜಾಲರಿಗೆ ತುರುಕಿದ್ದ ಬಟ್ಟೆಚೂರು ಇಲ್ಲ. ನಾಲ್ಕನೆಯದರ ರೇಡಿಯೇಟರಿನೊಳಗೆ ಬಿಸಿನೀರು ಪೂರ್ತಿ ತುಂಬದಂತೆ ಬಿಟ್ಟಿದ್ದ ಗಾಳಿ ಇಲ್ಲ. ಐದನೆಯದರ ಅರ್ಧ ಮುಚ್ಚಿದ ವಾಲ್ವು ಪೂರ್ತಿ ತೆರೆದುಕೊಂಡಿತ್ತು. ಐದಕ್ಕೆ ಐದೂ ಸರಿ. ಮಂಗಳವಾರ ಬೆಳಗ್ಗೆಯೂ ಹೀಗೇ ಆಗಿತ್ತು. ಆಗ ತಮ್ಮ ಕೈಯೇ ತಪ್ಪಿರಬೇಕು ಎಂದುಕೊಂಡು ಮತ್ತೆ ಕೆಡಿಸಿದ್ದರು. ಇವತ್ತು ಬುಧವಾರ.

ಕೆಡಿಸುವುದೇ ಅವರ ಕೆಲಸವಾಗಿತ್ತು. ಕಾಲೇಜಿನ ಹಿಂಬದಿಯ ಹಳೆಯ ಉಗ್ರಾಣವನ್ನು ಗುಡಿಸಿ, ಸುಣ್ಣ ಬಳಿದು, ಮನೆ ಬೆಚ್ಚಗಿಡುವ ಯಂತ್ರಗಳ ಕೆಲಸ ಕಲಿಸುವ ಪ್ರಯೋಗಶಾಲೆಯಾಗಿ ಮಾಡಲು ಊರಿನ ಕಸುಬುದಾರರು ನಾಲ್ಕು ತಿಂಗಳಿಂದ ತಾವಾಗಿಯೇ ಬಂದು ದುಡಿದಿದ್ದರು. ಬಡಗಿ ಗೋಡೆಯುದ್ದಕ್ಕೂ ಹಲಗೆ ಹೊಡೆದಿದ್ದ. ಮೇಸ್ತ್ರಿ ಐದು ಬಾಯ್ಲರ್ ಕೂರಿಸಿ, ಹುಡುಗ ಹುಡುಗಿಯರಿಗೆ ಕಾಣಲೆಂದು ಪೈಪುಗಳನ್ನೆಲ್ಲ ಗೋಡೆಯ ಹೊರಗೇ ಎಳೆದಿದ್ದರು. ವೈರಿಂಗ್ ಕೆಲಸ ಮೇಸ್ತ್ರಿಯ ಷಡ್ಡಕನದು. ಅಕ್ಕನನ್ನು ಇವರು, ತಂಗಿಯನ್ನು ಅವನು ಮದುವೆಯಾಗಿ ಮೂವತ್ತು ವರ್ಷದ ಮೇಲಾಗಿತ್ತು. ಎಲ್ಲ ಮುಗಿದು ಐದೂ ಬಾಯ್ಲರ್ ಗುಂಯ್ ಎಂದು ನಡೆದ ದಿನ ವಿಭಾಗದ ಟೀಚರಮ್ಮ ಮೇಸ್ತ್ರಿಯ ಕೈಗೆ ಒಂದು ಹಾಳೆ ಕೊಟ್ಟಳು.

"ಕಟ್ಟೋ ಕೆಲ್ಸ ಮುಗೀತು, ಇನ್ನು ಕೆಡಿಸೋ ಕೆಲ್ಸ. ಒಂದೊಂದಕ್ಕೆ ಒಂದೊಂದು ದೋಷ. ಗ್ಯಾಸಿನ ಕಡೆ ಬೇಡ, ನೀರು, ವೈರು ಮಾತ್ರ. ಶುಕ್ರವಾರ ಪ್ರಿನ್ಸಿಪಾಲರ ಮುಂದೆ ಮಕ್ಕಳು ಹುಡುಕಬೇಕು. ಚೆನ್ನಾಗಿ ನಡೆದ್ರೆ ಸೋಮವಾರದಿಂದ ವಾರಕ್ಕೆರಡು ದಿನ ಪಾಠ ನಿಮ್ದೇ."

ಆ ವಾರಕ್ಕೆರಡು ದಿನ ಎಂಬ ಮಾತು ಮೇಸ್ತ್ರಿಯ ಎದೆಯಲ್ಲಿ ಕೂತುಬಿಟ್ಟಿತ್ತು. ಕೆಲಸದಿಂದ ನಿವೃತ್ತರಾಗಿ ಒಂದು ವರ್ಷ ಮನೆಯಲ್ಲಿ ಕೈಕಟ್ಟಿ ಕೂತಿದ್ದು ಅವರಿಗೆ ಸಾಕುಸಾಕಾಗಿತ್ತು. ಈಚೆಗೆ ಅವರು ಅಡುಗೆಮನೆಯಿಂದ ಹೊರಬಂದ ಕೂಡಲೇ ಹೆಂಡತಿ ಏನೋ ನೆಪ ಮಾಡಿಕೊಂಡು ಒಳಗೆ ಹೋಗಿ ಸ್ಟವ್ವಿನ ಗುಂಡಿ ಮುಟ್ಟಿ ನೋಡುತ್ತಿದ್ದಳು. ಅದು ಅವರಿಗೆ ಗೊತ್ತಿತ್ತು. ಯಾಕೆ ಎಂದು ಅವರು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೂವತ್ತು ಮಕ್ಕಳೆದುರು ನಿಂತು ಪಾಠ ಹೇಳುವ ಮನುಷ್ಯನ ಹಿಂದೆ ಯಾರೂ ಸ್ಟವ್ ನೋಡಿಕೊಂಡು ಬರುವುದಿಲ್ಲ ಎಂದು ಅವರು ಲೆಕ್ಕ ಹಾಕಿದ್ದರು.

ಈಗ ಆ ಲೆಕ್ಕಕ್ಕೆ ಯಾರೋ ಕಲ್ಲು ಹಾಕುತ್ತಿದ್ದರು. ಯಾರು ಎಂದು ಯೋಚಿಸುವುದಕ್ಕೆ ಬಹಳ ಹೊತ್ತು ಬೇಕಾಗಲಿಲ್ಲ. ಷಡ್ಡಕನ ಕೈ ಸುಮ್ಮನಿರುವ ಕೈಯಲ್ಲ. ನೆಂಟರ ಮನೆಗೆ ಹೋದರೂ ಸೊಟ್ಟಗಿರುವ ಸ್ವಿಚ್ ಕಂಡರೆ ಜೇಬಿನಿಂದ ಟೆಸ್ಟರ್ ಹೊರಗೆ ಬರುತ್ತಿತ್ತು.

ಅವನು ಏಣಿಯ ಮೇಲೆ ನಿಂತು ಉಳಿದಿದ್ದೊಂದು ದೀಪಕ್ಕೆ ವೈರು ಕೊಡುತ್ತಿದ್ದ.

"ಕೆಳಗಿಳಿ," ಎಂದರು ಮೇಸ್ತ್ರಿ.

"ಏನಾಯ್ತಣ್ಣ?"

"ನಾನು ಕೆಡಿಸಿಟ್ಟು ಹೋಗಿದ್ದನ್ನ ಬೆಳಗಾಗೋದ್ರೊಳಗೆ ಯಾರು ಸರಿ ಮಾಡ್ತಿರೋದು?"

"ಹಾಗೊಬ್ಬ ಪುಣ್ಯಾತ್ಮ ಇದಾನಾ? ಸಿಕ್ಕಿದ್ರೆ ನಮ್ಮನೇಗೂ ಕಳ್ಸಿಕೊಡಿ. ಬಚ್ಚಲುಮನೆ ನಲ್ಲಿ ಸರಿ ಮಾಡಿ ಅಂತ ನನ್ ಹೆಂಡ್ತಿ ಎರಡು ತಿಂಗಳಿಂದ ತಲೆ ತಿಂತಿದಾಳೆ."

ಮೂಲೆಯಲ್ಲಿ ಬಡಗಿ ಕಿಸಕ್ಕೆಂದ. ಅದು ಮೇಸ್ತ್ರಿಗೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ದೊಡ್ಡ ದನಿಯಲ್ಲಿ ಏನೇನೋ ಅಂದುಬಿಟ್ಟರು. ನಿನಗೆ ಹೊಟ್ಟೆಕಿಚ್ಚು, ನನಗೆ ಪಾಠದ ಕೆಲಸ ಸಿಗುತ್ತದೆಂದು ನಿನ್ನ ಕಣ್ಣು ಉರಿಯುತ್ತಿದೆ ಎಂದೂ ಅಂದರು. ಗಲಾಟೆ ಕೇಳಿ ಟೀಚರಮ್ಮ ಬಂದಳು. ಇಬ್ಬರ ಮುಖವನ್ನೂ ನೋಡಿ, ಎರಡು ದಿನ ಮನೆಯಲ್ಲೇ ಇದ್ದು ವಿಶ್ರಾಂತಿ ತಗೊಳ್ಳಿ ಎಂದು ಷಡ್ಡಕನಿಗೆ ಮೆತ್ತಗೆ ಹೇಳಿದಳು. ಅವನು ಟೆಸ್ಟರನ್ನು ಜೇಬಿಗೆ ಸಿಕ್ಕಿಸಿಕೊಂಡು ಬಾಗಿಲ ತನಕ ಹೋಗಿ ತಿರುಗಿದ.

"ನಾನು ಮುಟ್ಟಿಲ್ಲಣ್ಣ. ಇದಕ್ಕಿಂತ ಹೆಚ್ಚು ಹೇಳೋಕೆ ನಂಗೆ ಬರಲ್ಲ," ಎಂದ.

ಆ ಮಧ್ಯಾಹ್ನ ಮೇಸ್ತ್ರಿ ಐದನ್ನೂ ಮತ್ತೆ ಕೆಡಿಸಿದರು. ಬಡಗಿಯನ್ನು ಕರೆದು ಒಂದೊಂದನ್ನೂ ತೋರಿಸಿದರು. ಅವನು ಹನಿಯುವ ನೀರಿಗೆ ಬೆರಳೊಡ್ಡಿ "ಸೋರ್ತದೆ, ಸಾಕ್ಷಿ ನಾನು" ಎಂದು ನಗುತ್ತ ಮನೆಗೆ ಹೋದ. ಟೀಚರಮ್ಮನಿಂದ ಉಗ್ರಾಣದ ಕೀಲಿಯನ್ನೂ ಕೇಳಿ ಇಸಿದುಕೊಂಡರು. ಇನ್ನೊಂದು ಕೀಲಿ ಇಲ್ಲವೆಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಸಂಜೆ ದೀಪ ಆರಿಸಿ, ಬೀಗ ಹಾಕಿ ಎಳೆದು ನೋಡಿ, ಕೀಲಿಯನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡು ಹೊರಟರು.

"ಯಾಕಿಷ್ಟು ಹೊತ್ತು?" ಎಂದಳು ಹೆಂಡತಿ ಬಾಗಿಲಲ್ಲೇ.

"ಎಲ್ಲಿ ಹೊತ್ತು? ಐದೂವರೆಗೆ ಮುಗಿಸಿ ನೆಟ್ಟಗೆ ಬಂದೆ."

ಅವಳು ಗಡಿಯಾರದ ಕಡೆ ನೋಡಿ ತಟ್ಟೆ ಹಾಕಲು ಹೋದಳು. ಊಟಕ್ಕೆ ಕೂತಾಗ, "ತಂಗಿ ಫೋನ್ ಮಾಡಿದ್ಲು. ಅವಳ ಯಜಮಾನ್ರು ಮಧ್ಯಾಹ್ನದಿಂದ ಏನೂ ತಿಂದಿಲ್ವಂತೆ," ಎಂದಳು.

"ತಪ್ಪು ಮಾಡಿದೋರಿಗೆ ಹಸಿವಾಗಲ್ಲ ಬಿಡು," ಎಂದರು ಮೇಸ್ತ್ರಿ. ತಮಗೆ ಚೆನ್ನಾಗಿ ಹಸಿವಾಗಿದ್ದರಿಂದ ಆ ಮಾತು ಅವರಿಗೆ ಸರಿಯಾಗಿಯೇ ಕಂಡಿತು.

ಗುರುವಾರ ಬೆಳಗ್ಗೆ ಎಲ್ಲರಿಗಿಂತ ಮೊದಲೇ ಹೋದರು. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ತೆರೆದು ಒಳಗೆ ಹೋಗಿ, ದೀಪ ಹಾಕಿ, ಐದನ್ನೂ ಚಾಲೂ ಮಾಡಿದರು. ಐದೂ ನಡೆದವು. ಮೊದಲನೆಯದರ ಪಂಪು ತಿರುಗಿತು, ಎರಡನೆಯದರ ಕೆಳಗೆ ಒಣ ನೆಲ, ನಾಲ್ಕನೆಯದರ ರೇಡಿಯೇಟರ್ ತಲೆಯಿಂದ ಕಾಲಿನವರೆಗೆ ಒಂದೇ ಸಮ ಬಿಸಿ. ಮೇಸ್ತ್ರಿ ಕಿಟಕಿಗಳನ್ನು ನೋಡಿದರು. ಕಿಟಕಿಗೆಲ್ಲ ಸರಳು. ದೆವ್ವವಂತೂ ವಾಷರ್ ಬದಲಾಯಿಸುವುದಿಲ್ಲ. ಬದಲಾಯಿಸಿದರೂ ಇಷ್ಟು ಅಚ್ಚುಕಟ್ಟಾಗಿ ಮಾಡುವುದಿಲ್ಲ.

ಏನೂ ತೋಚದೆ ಕೀಲಿಯನ್ನು ಮತ್ತೆ ಒಳಜೇಬಿಗೆ ಹಾಕಹೋದಾಗ ಬೆರಳಿಗೆ ಮೆತ್ತಗಿನದೇನೋ ಸಿಕ್ಕಿತು. ಹೊರಗೆ ತೆಗೆದರು. ಅಂಚು ಹರಿದ ಕಪ್ಪು ವಾಷರ್. ನಿನ್ನೆ ಮಧ್ಯಾಹ್ನ ಎರಡನೆಯ ಬಾಯ್ಲರಿಗೆ ಹಾಕಿ, ಸೋರುವುದನ್ನು ಬಡಗಿಗೂ ತೋರಿಸಿದ್ದ ವಾಷರ್.

ಬಡಗಿ ಮಾಡಿಟ್ಟಿದ್ದ ಬೆಂಚಿನ ಮೇಲೆ ಕೂತುಬಿಟ್ಟರು. ನಿನ್ನೆ ಸಂಜೆ ಏನೇನು ಮಾಡಿದೆ ಎಂದು ಒಂದೊಂದಾಗಿ ನೆನೆಸಿಕೊಂಡರು. ಬಡಗಿ ಹೋದ. ಕೋಟು ಹಾಕಿಕೊಂಡೆ. ಸುತ್ತು ಬಂದೆ. ಸುತ್ತು ಎಂದರೆ ಕೆಲಸ ಕಲಿಸಿದ ಗುರು ಹೇಳಿಕೊಟ್ಟ ಅಭ್ಯಾಸ. ಕಟ್ಟಡ ಬಿಡುವ ಮುಂಚೆ ಒಂದೊಂದು ಪೈಪಿಗೂ ಅಂಗೈ ಇಟ್ಟು ನೋಡಬೇಕು, ಸೋರುವುದನ್ನು ಬಿಟ್ಟು ಮನೆಗೆ ಹೋದವನಿಗೆ ಮರುದಿನ ಕೆಲಸವಿಲ್ಲ ಎನ್ನುತ್ತಿದ್ದ ಆ ಮನುಷ್ಯ. ನಲವತ್ತು ವರ್ಷ ಒಂದು ಸಂಜೆಯೂ ತಪ್ಪಿಸಿರಲಿಲ್ಲ. ನಿನ್ನೆಯೂ ಬಂದೆ, ನಾಲ್ಕನೆಯದರ ಪೈಪು ಅಂಗೈಗೆ ಬೆಚ್ಚಗೆ ತಾಗಿದ್ದು ನೆನಪಿದೆ. ಆಮೇಲೆ ಬೀಗ.

ಸ್ಪ್ಯಾನರ್ ಹಿಡಿದದ್ದು ನೆನಪಿರಲಿಲ್ಲ. ಅಂಗಿಯ ಗುಂಡಿ ಹಾಕಿಕೊಂಡದ್ದು ಯಾರಿಗೆ ನೆನಪಿರುತ್ತದೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಆದರೆ ಪಂಪಿನ ವೈರು ಬಿಗಿ ಮಾಡಬೇಕಾದರೆ ನಾಲ್ಕು ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆಯಬೇಕು. ವಾಷರ್ ಬದಲಿಸಲು ನೀರು ಇಳಿಸಿ ಮತ್ತೆ ತುಂಬಬೇಕು. ಐದಕ್ಕೂ ಸೇರಿ ಏನಿಲ್ಲವೆಂದರೂ ಮುಕ್ಕಾಲು ಗಂಟೆಯ ಕೆಲಸ. ಆ ಮುಕ್ಕಾಲು ಗಂಟೆ ಎಲ್ಲಿ ಹೋಯಿತು? ಹೆಂಡತಿ ಗಡಿಯಾರ ನೋಡಿದ್ದು ನೆನಪಾಯಿತು.

ಗೋಡೆಯ ಬದಿಗೆ ಕಸದ ಡಬ್ಬಿ ಇತ್ತು. ವಾಷರನ್ನು ಅದಕ್ಕೆ ಎಸೆದು, ಐದನ್ನೂ ಮತ್ತೊಮ್ಮೆ ಕೆಡಿಸಿ, ಸಂಜೆ ಸುತ್ತು ಬರದೆ ಮನೆಗೆ ಹೋದರೆ ಮುಗಿಯಿತು. ನಾಳೆ ಪ್ರಿನ್ಸಿಪಾಲರು ಬರುತ್ತಾರೆ, ಮಕ್ಕಳು ಹುಡುಕುತ್ತಾರೆ, ಸೋಮವಾರ ಪಾಠ. ಷಡ್ಡಕ ಒಂದು ವಾರ ಮುಖ ಊದಿಸಿಕೊಂಡಿದ್ದು ತಾನಾಗಿಯೇ ಸರಿಹೋಗುತ್ತಾನೆ. ಹೆಂಗಸರು ಮಾತಾಡಿಕೊಂಡು ಸರಿ ಮಾಡುತ್ತಾರೆ. ಮೇಸ್ತ್ರಿ ಎದ್ದು ಡಬ್ಬಿಯ ತನಕ ಹೋದರು. ವಾಷರ್ ಹಿಡಿದ ಕೈಯನ್ನು ಅದರ ಮೇಲೆ ಚಾಚಿದರು ಕೂಡ. ಊಟ ಬಿಟ್ಟು ಕೂತವನ ಮುಖ ಕಣ್ಣಮುಂದೆ ಬಂತು. ನಾನು ಮುಟ್ಟಿಲ್ಲಣ್ಣ ಎಂದಿದ್ದ. ಮೂವತ್ತು ವರ್ಷದಲ್ಲಿ ಅವನು ತಮಗೆ ಒಂದು ಸುಳ್ಳು ಹೇಳಿದ್ದಿಲ್ಲ.

"ಇಷ್ಟು ಬೇಗ ಬಂದ್ಬಿಟ್ರಾ?" ಎಂದು ಟೀಚರಮ್ಮ ಒಳಗೆ ಬಂದಳು.

ಮೇಸ್ತ್ರಿ ಅಂಗೈ ಬಿಚ್ಚಿ ವಾಷರ್ ತೋರಿಸಿದರು. ಹೇಳಬೇಕಾದ್ದನ್ನು ಹಿಂದುಮುಂದಾಗಿ ಹೇಳಿದರು. ಮೊದಲು ಅವಳಿಗೆ ತಲೆಬುಡ ತಿಳಿಯಲಿಲ್ಲ. ತಿಳಿದ ಮೇಲೆ ನಕ್ಕುಬಿಟ್ಟಳು.

"ಅಯ್ಯೋ, ಇಷ್ಟೇನಾ! ನಲವತ್ತು ವರ್ಷದ ಕೈ. ಕೆಟ್ಟಿದ್ದು ಕಂಡು ಸುಮ್ನಿರೋದು ಅದಕ್ಕೆ ಗೊತ್ತಿಲ್ಲ. ಪಾಠ ಹೇಳೋಕೆ ಇಂಥ ಕೈಯೇ ಬೇಕು."

"ಕೈಗೆ ಗೊತ್ತಿತ್ತು ತಾಯಿ," ಎಂದರು ಮೇಸ್ತ್ರಿ. "ನಂಗೆ ಗೊತ್ತಿರ್ಲಿಲ್ವಲ್ಲ."

ಅವಳ ನಗು ನಿಂತಿತು. ಏನಾದರೂ ಹೇಳುತ್ತಾಳೆಂದು ಅವರು ಕಾದರು. ಇದು ಅಭ್ಯಾಸವೋ, ಕಾಯಿಲೆಯೋ, ಎರಡರಲ್ಲಿ ಒಂದನ್ನು ಯಾರಾದರೂ ಬಾಯಿಬಿಟ್ಟು ಹೇಳಿದ್ದರೆ ಅವರಿಗೆ ಸಾಕಾಗಿತ್ತು. ಅವಳು ಬಾಯ್ಲರುಗಳ ಕಡೆ ನೋಡುತ್ತ, "ನಾಳೇದು ಮುಗೀಲಿ. ಸೋಮವಾರದ್ದು ಆಮೇಲೆ ಮಾತಾಡೋಣ," ಎಂದಳು. ನಿನ್ನೆಯವರೆಗೆ ಸೋಮವಾರದ ಬಗ್ಗೆ ಮಾತಾಡಲು ಏನೂ ಇರಲಿಲ್ಲ.

ಷಡ್ಡಕ ಮಧ್ಯಾಹ್ನದ ಹೊತ್ತಿಗೆ ಬಂದ. ಫೋನಿನಲ್ಲಿ ಮೇಸ್ತ್ರಿ ಬಾ ಎಂದಷ್ಟೇ ಹೇಳಿದ್ದರು. ರಾತ್ರಿಯೆಲ್ಲ ಯೋಚಿಸಿ ಒಂದಷ್ಟು ಚುಚ್ಚುಮಾತು ಜೋಡಿಸಿಕೊಂಡು ಬಂದಿರುವ ಮನುಷ್ಯನ ಹಾಗೆ ಗತ್ತಿನಿಂದ ನಡೆದುಬಂದ.

"ನಾನೇ ಮಾಡಿದ್ದು," ಎಂದರು ಮೇಸ್ತ್ರಿ.

"ಏನನ್ನ?"

"ಸರಿ ಮಾಡಿದ್ದು. ಮೂರು ದಿನವೂ ನಾನೇ. ನಂಗೇ ಗೊತ್ತಿಲ್ದೆ. ನಿನ್ಗೆ ಅನ್ನಬಾರದ್ದು ಅಂದೆ, ತಪ್ಪಾಯ್ತಪ್ಪ."

ಷಡ್ಡಕ ಅವರ ಮುಖವನ್ನೇ ನೋಡುತ್ತ ನಿಂತ. ತಮಾಷೆಯಾದರೂ ಮಾಡಬಾರದೇ ಎನ್ನಿಸಿತು ಮೇಸ್ತ್ರಿಗೆ. ಈ ಮೂವತ್ತು ವರ್ಷದಲ್ಲಿ ಅವನು ತಮಾಷೆ ಮಾಡದೆ ಬಿಟ್ಟ ಒಂದು ಸಂದರ್ಭವೂ ಅವರಿಗೆ ನೆನಪಿರಲಿಲ್ಲ.

"ಅಕ್ಕಂಗೆ ಹೇಳಿದ್ರಾ?" ಎಂದ ಕೊನೆಗೆ.

"ಇಲ್ಲ."

"ಸರಿ. ಬನ್ನಿ, ಕೆಡಿಸೋಣ."

ಇಬ್ಬರೂ ಸೇರಿ ಕೆಡಿಸಿದರು. ಎರಡನೆಯದರಿಂದ ಮತ್ತೆ ನೀರು ಹನಿಯಿತು. ಷಡ್ಡಕ ಒಂದೊಂದು ದೋಷವನ್ನೂ ಹಾಳೆಯಲ್ಲಿ ಬರೆದು, ಕೆಳಗೆ ಮೇಸ್ತ್ರಿಯ ಸಹಿ ಹಾಕಿಸಿ, ಟೀಚರಮ್ಮನ ಮೇಜಿನೊಳಗೆ ಇಟ್ಟು ಬಂದ. ಸಂಜೆ ಕೋಟು ಹಾಕಿಕೊಳ್ಳುವಾಗ ಮೇಸ್ತ್ರಿ, "ಇವತ್ತು ಸುತ್ತು ಬೇಡ, ನೇರ ಹೋಗ್ಬಿಡೋಣ," ಎಂದರು.

"ಯಾಕೆ ಬಿಡ್ತೀರಾ? ಬನ್ನಿ ಸುತ್ತು. ಕೈ ಖಾಲಿ ಇರ್ಲಿ, ಅಷ್ಟೆ," ಎಂದು ಅವನು ಸಾಮಾನಿನ ಚೀಲವನ್ನೂ ಅವರ ಸೊಂಟದ ಸ್ಪ್ಯಾನರನ್ನೂ ತಾನೇ ತೆಗೆದುಕೊಂಡು ಬಾಗಿಲಲ್ಲಿ ನಿಂತ.

ಮೇಸ್ತ್ರಿ ಹೊರಟರು. ಮೊದಲನೆಯದರ ಪಂಪಿನ ಮೇಲೆ ಕೈಯಿಟ್ಟರು. ತಣ್ಣಗಿತ್ತು, ಅಲುಗಾಟವಿಲ್ಲ. ಎರಡನೆಯದರ ಜಾಯಿಂಟಿನ ಕೆಳಗೆ ಅಂಗೈ ಒಡ್ಡಿದರು. ಒಂದು ಹನಿ ಬಿತ್ತು, ಇನ್ನೊಂದು ಬಿತ್ತು. ಬಲಗೈ ತಾನಾಗಿ ಸೊಂಟಕ್ಕೆ ಹೋಗಿ ಅಲ್ಲಿ ಏನೂ ಇಲ್ಲದ್ದನ್ನು ತಡಕಿತು. ಸೋರುವುದನ್ನು ಹಾಗೇ ಬಿಟ್ಟು ಮುಂದೆ ಹೋಗುವುದು ಕೈ ನೋಯುತ್ತಿದೆಯೇನೋ ಎನ್ನಿಸುವಷ್ಟು ಕಷ್ಟವಾಯಿತು. ಒದ್ದೆ ಅಂಗೈಯನ್ನು ಕೋಟಿಗೆ ಒರೆಸಿಕೊಂಡು ಮೂರನೆಯದಕ್ಕೆ ಹೋದರು. ನಾಲ್ಕನೆಯದು. ಐದನೆಯದು. ದೀಪ ಆರಿಸಿದರು.

"ನೋಡಿದ್ರಾ! ಆಯ್ತಲ್ಲ!" ಎಂದು ಷಡ್ಡಕ ಅವರ ಬೆನ್ನು ತಟ್ಟಿದ. ಮೇಸ್ತ್ರಿಗೂ ಹಗುರವೆನ್ನಿಸಿ ಮೂರು ದಿನಗಳಲ್ಲಿ ಮೊದಲ ಸಲ ನಗು ಬಂತು. ಬೀಗ ಹಾಕಿ ಕಾಲೇಜಿನ ಕಾರಿಡಾರಿನುದ್ದಕ್ಕೂ ನಡೆದರು. ಆ ಬಚ್ಚಲುಮನೆಯ ನಲ್ಲಿಯನ್ನು ಭಾನುವಾರ ಬಂದು ನೋಡುತ್ತೇನೆ ಎಂದು ಮೇಸ್ತ್ರಿ ಹೇಳಿದರು, ಅದಕ್ಕೆ ಅವನು ಏನೋ ಹೇಳಿ ನಗಿಸಿದ. ಹೊರಬಾಗಿಲ ಮೆಟ್ಟಿಲ ಹತ್ತಿರ ಬಂದಾಗ ಮೇಸ್ತ್ರಿ ನಿಂತರು.

"ಅಲ್ಲಪ್ಪಾ," ಎಂದರು, "ಆ ಎರಡನೇದು ಸೋರ್ತಾ ಇತ್ತಲ್ಲ. ಯಾರೂ ನೋಡೇ ಇಲ್ವಾ?"

ಷಡ್ಡಕ ಭಾರದ ಚೀಲವನ್ನು ಎಡಗೈಗೆ ಬದಲಿಸಿಕೊಂಡು, ಬಲಗೈಯಿಂದ ಅವರ ತೋಳು ಹಿಡಿದುಕೊಂಡ.

"ನೋಡಿದೀವಣ್ಣ," ಎಂದ. "ಮೆಟ್ಲು ಬಂತು, ನಿಧಾನ."

ಇದ್ದದ್ದು ಮೂರೇ ಮೆಟ್ಟಿಲು. ಮೂರನ್ನೂ ಇಬ್ಬರೂ ಒಟ್ಟಿಗೆ ಇಳಿದರು.