ಅರ್ಧಕ್ಕೆ ನಿಂತ ಜಿಗಿತ

ಫೋನು ಬಡಿದುಕೊಂಡು ಶೋಭಾಳಿಗೆ ಎಚ್ಚರವಾದಾಗ ಅವಳಿನ್ನೂ ಗಾಳಿಯಲ್ಲೇ ಇದ್ದಳು. ಕಾಲುಗಳು ಬಾವಿಯ ಕಟ್ಟೆ ಬಿಟ್ಟಿದ್ದವು, ನೀರನ್ನು ಇನ್ನೂ ಮುಟ್ಟಿರಲಿಲ್ಲ. ಕೆಳಗೆ ಗೆಳತಿ ಗುರುಬಾಯಿ ಒದ್ದೆ ಕೂದಲನ್ನು ಹಿಂದೆ ಸರಿಸುತ್ತ "ಬಾರೇ, ಬಾ!" ಎನ್ನುತ್ತಿದ್ದಳು.

"ಅವ್ವಾ, ಕ್ಯಾಬ್ ಬಂತು! ಡಬ್ಬಿ ಎಲ್ಲಿ?"

ಮಗಳು ಲಹರಿ ಒಂದು ಚಪ್ಪಲಿ ಮೆಟ್ಟಿಕೊಂಡೇ ಕೂಗಿದಳು. ಹೈದರಾಬಾದಿನ ಹೈಟೆಕ್ ಸಿಟಿಯ ಕಂಪನಿಯೊಂದಕ್ಕೆ ಸೇರಿ ಒಂದು ವರ್ಷವಾಗಿತ್ತು. ಈ ತಿಂಗಳು ಬೆಳಗಿನ ಶಿಫ್ಟು. ಐದೂವರೆಗೆ ಮಿಯಾಪುರದ ಅವರ ಅಪಾರ್ಟ್‌ಮೆಂಟಿನ ಗೇಟಿಗೆ ಗಾಡಿ ಬಂದು ನಿಲ್ಲುತ್ತಿತ್ತು. ಶೋಭಾ ಎದ್ದು, ಅನ್ನಕ್ಕೆ ಮೊಸರು ಕಲಸಿ, ಡಬ್ಬಿ ತುಂಬಿ ಕೊಟ್ಟಳು. ಲಹರಿ ಮೆಟ್ಟಿಲು ಇಳಿದ ಸದ್ದು ಕರಗಿತು.

ಬಾಗಿಲಲ್ಲಿದ್ದ ಹಾಲಿನ ಪ್ಯಾಕೆಟ್ಟು ಎತ್ತಿಕೊಂಡಳು. ಇನ್ನು ಗಂಡನಿಗೆ ಚಹಾ, ಆಮೇಲೆ ಚಪಾತಿ. ಗುರುಸಿದ್ದಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್. ಆರು ಐವತ್ತರ ಕಾರ್ಖಾನೆ ಬಸ್ಸನ್ನು ಅವನು ಇಪ್ಪತ್ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ತಪ್ಪಿಸಿಕೊಂಡಿರಲಿಲ್ಲ. ಅಲಾರಂ ಇಟ್ಟುಕೊಳ್ಳುವ ರೂಢಿಯೂ ಅವನಿಗಿರಲಿಲ್ಲ. ಶೋಭಾ ಎಬ್ಬಿಸುತ್ತಿದ್ದಳು.

ಆದರೆ ಅವತ್ತು ಅವಳ ಅಂಗಾಲು ಇನ್ನೂ ಜುಮ್ಮೆನ್ನುತ್ತಿತ್ತು. ಹಾಲನ್ನು ಫ್ರಿಜ್ಜಿನಲ್ಲಿಟ್ಟು, ಅಡುಗೆಮನೆಯ ದೀಪ ಆರಿಸಿ, ಹೋಗಿ ಮತ್ತೆ ಮಲಗಿಬಿಟ್ಟಳು. ಬಾಣಂತನ ಮತ್ತು ಒಮ್ಮೆ ಬಂದ ಕಾಮಾಲೆ ಬಿಟ್ಟರೆ ಬೆಳಗಾದ ಮೇಲೆ ಅವಳು ಹಾಸಿಗೆಗೆ ಬೆನ್ನು ಹಚ್ಚಿದವಳೇ ಅಲ್ಲ.

ನಿದ್ದೆ ಬರಲಿಲ್ಲ. ಮೊದಲು ಮಲಗಿದ್ದ ಮಗ್ಗುಲಿಗೇ ಹೊರಳಿದಳು, ಅದೇ ಚಾದರವನ್ನು ಅದೇ ರೀತಿ ಹೊದ್ದಳು. ಬಾವಿಯ ಕಟ್ಟೆಯನ್ನು ನೆನೆದರೆ ನೆನೆಹಾಕಬೇಕಾದ ಬೇಳೆ ನೆನಪಾಗುತ್ತಿತ್ತು. ಗುರುಬಾಯಿಯ ಮುಖ ತಂದುಕೊಳ್ಳಲು ಹೋದರೆ ಕೆಳಗಿನ ಮನೆಯ ತೆಲುಗು ಹೆಂಗಸಿನ ಮುಖ ಬರುತ್ತಿತ್ತು. ಕನಸು ಬೆಕ್ಕಿನ ಹಾಗೆ, ಕರೆದಷ್ಟೂ ದೂರ ಕೂರುತ್ತದೆ. ಹೋಗಲಿ, ಏಳೋಣ ಎಂದು ಮನಸ್ಸು ಸಡಿಲ ಬಿಟ್ಟಳು. ಅಷ್ಟರಲ್ಲೇ ಅವಳು ಬಾವಿಯ ಹತ್ತಿರ ಇದ್ದಳು.

ಈ ಸಲ ಗಾಳಿಯಲ್ಲಿರಲಿಲ್ಲ. ಕಟ್ಟೆಯ ಮೇಲೆ ನಿಂತಿದ್ದಳು. ಮೈಮೇಲೆ ಲಂಗದ ಬದಲು ಈಗಿನ ನೈಲಾನ್ ಸೀರೆ, ಈಗಿನ ಮೈಭಾರ. ಗುರುಬಾಯಿ ಮಾತ್ರ ಹನ್ನೆರಡು ವರ್ಷದವಳಾಗಿಯೇ ಮೆಟ್ಟಿಲ ಮೇಲೆ ಕೂತಿದ್ದಳು.

"ಎಲ್ಲಿಗೆ ಹೋಗಿದ್ದಿ? ನಿನ್ನ ಸಲುವಾಗಿ ಕಾದು ಕಾದು ನೀರೆಲ್ಲ ತಣ್ಣಗಾತು."

"ಡಬ್ಬಿ ಕಟ್ಟಾಕ ಹೋಗಿದ್ನೆ. ಈ ಸೀರಿ ಉಟ್ಕೊಂಡು ಹೆಂಗ ಜಿಗೀಲಿ?"

"ಕಚ್ಚಿ ಹಾಕಿ ಜಿಗಿ. ಇಲ್ಲಿ ಯಾರ್ ನೋಡಾಕತ್ತಾರ?"

ಶೋಭಾ ಕಚ್ಚೆ ಹಾಕಿ ಜಿಗಿದಳು. ನೀರು ಅವಳನ್ನು ಪೂರ್ತಿ ತೆಗೆದುಕೊಂಡಿತು. ಕಿವಿ ಮುಚ್ಚಿತು, ಹಸಿರು ಕತ್ತಲೆ ಕವಿಯಿತು. ತಳ ಸಿಗುವ ಮೊದಲೇ ಮೈ ತಾನಾಗಿ ಹಗುರಾಗಿ ಮೇಲೇಳತೊಡಗಿತು.

ಕಣ್ಣು ಬಿಟ್ಟಾಗ ಹಣೆಯ ಮೇಲೆ ಗಂಡನ ಅಂಗೈ ಇತ್ತು. ಗಡಿಯಾರ ಎಂಟೂಕಾಲು ತೋರಿಸುತ್ತಿತ್ತು.

"ಜ್ವರ ಇಲ್ಲ," ಎಂದ ಗುರುಸಿದ್ದಪ್ಪ, ತನಗೇ ಹೇಳಿಕೊಳ್ಳುವಂತೆ. "ಏನಾತು ನಿನಗ?"

ಶೋಭಾ ಧಡಕ್ಕನೆ ಎದ್ದು ಕೂತಳು. "ಅಯ್ಯ! ನಿಮ್ಮ ಬಸ್ಸು?"

"ಹೋತು. ನನಗೂ ಎಚ್ಚರಾಗಿದ್ದು ಏಳಕ್ಕ. ನೀ ನಿದ್ದ್ಯಾಗ ನಗಾಕತ್ತಿದ್ದಿ, ಎಬ್ಬಸಾಕ ಮನಸ್ಸಾಗಲಿಲ್ಲ. ಅರ್ಧ ದಿನ ರಜಾ ಹಾಕೀನಿ." ಅವನು ಮಾಡಿದ್ದ ಚಹಾ ಪಕ್ಕದಲ್ಲಿತ್ತು. ಮೇಲೆ ದಪ್ಪ ಕೆನೆ ಕಟ್ಟಿತ್ತು.

ಅವಳು ಕನಸನ್ನು ಹೇಳಿದಳು. ಗುರುಸಿದ್ದಪ್ಪ ಕೊನೆವರೆಗೂ ಕೇಳಿ, ಕನಸಿಗಿಂತ ಬೇರೆಯದೇ ಒಂದನ್ನು ಹಿಡಿದುಕೊಂಡ.

"ಅಂದ್ರ ನಿನಗ ಈಜು ಬರತೈತಿ?"

"ಬರತೈತ್ರಿ."

"ಇಪ್ಪತ್ತಾರು ವರ್ಷಾತು ಲಗ್ನ ಆಗಿ. ಒಂದಿನಾನೂ ಹೇಳಲಿಲ್ಲಲ್ಲ?"

"ನೀವು ಕನ್ಯಾ ನೋಡಾಕ ಬಂದಾಗ ಅಡಗಿ ಬರತೈತೇನು ಅಂತ ಕೇಳಿದ್ರಿ, ಹೊಲಿಗಿ ಕೇಳಿದ್ರಿ, ಒಂದು ಹಾಡು ಹೇಳಸಿದ್ರಿ. ಈಜು ಯಾರೂ ಕೇಳಲಿಲ್ಲ. ದೊಡ್ಡಾಕಿ ಆದಮ್ಯಾಲೆ ಅವ್ವ ಬಾವಿ ಕಡೆ ಬಿಡಲೂ ಇಲ್ಲ."

ಗುರುಸಿದ್ದಪ್ಪ ನಗಲಿಲ್ಲ. ಅವನಿಗೆ ಮೊಣಕಾಲುದ್ದದ ನೀರೂ ಭಯ. ಚಹಾದ ಕೆನೆ ತೆಗೆದು ಅವಳ ಕೈಗೆ ಕೊಟ್ಟು, "ಆ ಗುರುಬಾಯಿ ಈಗ ಎಲ್ಲದಾಳ?" ಎಂದ.

ಶೋಭಾಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೇ ಅವಳಿಗೆ ನಾಚಿಕೆ ತಂದಿತು. ಬಾಗಲಕೋಟೆಯಲ್ಲಿದ್ದ ಅಣ್ಣ ಸಂಗಣ್ಣನಿಗೆ ಫೋನು ಹಚ್ಚಿದಳು. ತವರೂರು ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ವರ್ಷಗಳೇ ಆಗಿದ್ದವು. ಅದು ಗೊತ್ತಿದ್ದ ಸಂಗತಿಯೇ. ಆದರೂ ಅಣ್ಣ "ಬಾವಿ ಎಲ್ಲಿ ಉಳದೀತು ತಂಗಿ, ಅದರ ಮ್ಯಾಲೆ ಈಗ ಹೊಳಿ ಹರಿಯಾಕತ್ತೈತಿ" ಎಂದಾಗ, ನೀರಿನೊಳಗೆ ಮುಳುಗಿ ಕೂತ ನೀರಿನ ಬಾವಿ ಅವಳ ಕಣ್ಣಿಗೆ ಕಟ್ಟಿತು. ಗುರುಬಾಯಿ ಪುನರ್ವಸತಿಯ ಹೊಸ ಊರಿನಲ್ಲೇ ಇದ್ದಾಳೆಂದೂ ಮಗನ ಮನೆಯಲ್ಲಿದ್ದಾಳೆಂದೂ ಹೇಳಿ, ಎರಡು ದಿನ ಬಿಟ್ಟು ಅಣ್ಣ ನಂಬರು ತರಿಸಿಕೊಟ್ಟ.

ಗುರುಬಾಯಿಯ ದನಿ ಗೊಗ್ಗರಾಗಿತ್ತು. ಮೊದಲು ಗುರುತು ಹತ್ತಲಿಲ್ಲ. ಗುರುತು ಹತ್ತಿದ ಮೇಲೆ ಇಬ್ಬರೂ ಒಟ್ಟಿಗೇ ಮಾತಾಡತೊಡಗಿ ಯಾರದೂ ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಶೋಭಾ ಕೇಳಿದಳು: "ಕಟ್ಟಿ ಮ್ಯಾಲಿಂದ ಜಿಗೀತಿದ್ವಲ್ಲ, ನೆನಪೈತಿ?"

"ಜಿಗೀತಿದ್ದಾಕಿ ನಾನು," ಎಂದಳು ಗುರುಬಾಯಿ. "ನೀ ಎಂದೂ ಜಿಗಿದಿಲ್ಲಬೇ. ಕಟ್ಟಿ ಮ್ಯಾಲೆ ನಿಂತು ನಿಂತು, ಕಾಲು ನಡಗಿ, ಮೆಟ್ಟಲ ಇಳಕೊಂಡು ನೀರಿಗೆ ಬರ್ತಿದ್ದಿ. ಬಂದ ಮ್ಯಾಲೆ ಮಾತ್ರ ಮೀನಿನಂಗ ಈಜ್ತಿದ್ದಿ."

ಶೋಭಾ ಇಲ್ಲ ಎನ್ನಲು ಹೋದಳು. ಆಗ ನಿಜವಾಗಿಯೂ ನೆನಪಾಯಿತು: ಅಂಗಾಲಿಗೆ ಒತ್ತುತ್ತಿದ್ದ ಬಿಸಿ ಕಲ್ಲು, ಬೆವೆತ ಕೈ, ಒಂದೊಂದೇ ಮೆಟ್ಟಿಲು. ಇಷ್ಟು ವರ್ಷ ತಾನು ಕಳೆದುಕೊಂಡೆ ಎಂದುಕೊಂಡಿದ್ದ ಆ ಜಿಗಿತ ತನ್ನ ಬಳಿ ಇರಲೇ ಇಲ್ಲ. ಆದರೆ ಬೇಸರವಾಗಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ಮುಂಜಾನೆ ಚಹಾ ಬಿಟ್ಟು ಹೋಗಿ ಮಲಗಿದ್ದರಿಂದ, ಅದು ಮೊನ್ನೆಯಷ್ಟೇ ಮೊದಲ ಸಲ ಸಿಕ್ಕಿತ್ತು.

"ಯಾಕಬೇ ಸುಮ್ಮಾದಿ? ಸಿಟ್ಟು ಬಂತೇನು?"

"ಇಲ್ಲ," ಎಂದಳು ಶೋಭಾ. "ದಸರಾಕ್ಕ ಬರ್ತೀನಿ. ಅಲ್ಲಿ ಹಿನ್ನೀರಿಗೆ ಇಳಿಯಾಕ ಆಕೈತೇನು?"

"ದಂಡಿಗೆ ಆಕೈತಿ. ನನಗ ಮೊಣಕಾಲ ನೋವು, ನೀ ಕೈ ಹಿಡೀಬೇಕು."

ಸಂಜೆ ಇದನ್ನು ಕೇಳಿದ ಗುರುಸಿದ್ದಪ್ಪ ಕ್ಯಾಲೆಂಡರಿನ ಮುಂದೆ ನಿಂತು ರಜೆ ಎಣಿಸಿದ. ಆಮೇಲೆ, ತಿರುಗಿ ನೋಡದೆಯೇ ಹೇಳಿದ:

"ನಾನೂ ಬರ್ತೀನಿ. ಆದ್ರ ಈಗಽ ಹೇಳಾಕತ್ತೀನಿ, ನಾ ದಂಡಿ ಮ್ಯಾಲೇ ಕುಂದರಾಂವ."