ಹೊಡೆಯಬಾರದ ಪರೀಕ್ಷೆ

ಯೆವ್ಲೆ ಊರಿನ ನಮ್ಮ ಬಾಕ್ಸಿಂಗ್ ಕ್ಲಬ್ಬಿನಲ್ಲಿ ಜೋರಾಗಿ ಹೊಡೆದವರು ನಪಾಸು. ಮಕ್ಕಳಿಗೆಂದು ಇದ್ದ ಡಿಪ್ಲೊಮಾ ಪದ್ಧತಿಯನ್ನು ಸಮಿತಿ ದೊಡ್ಡವರಾದ ಹೊಸಬರಿಗೂ ಹಚ್ಚಿತ್ತು. ಮೂರು ರೌಂಡ್ ಜೋಡಿ ಆಟ. ನಿಲುವಿಗೆ, ಕಾಲಿನ ನಡೆಗೆ, ಮುಖದ ಕಾವಲಿಗೆ ಅಂಕ. ಹೊಡೆತ ತಾಗಬೇಕು, ನೋಯಬಾರದು.

ನನ್ನ ಗಂಡ ನೀಲ್ಸ್ ತೀರಿಕೊಂಡ ಚಳಿಗಾಲದಲ್ಲಿ ನಾನು ಸೇರಿದೆ. ಏನನ್ನಾದರೂ ಹೊಡೆಯಬೇಕೆನಿಸಿತ್ತು. ಮೊದಲ ದಿನವೇ ತರಬೇತಿ ಕೊಡುವ ಗುನ್ವೋರ್ ನನ್ನ ಮುಷ್ಟಿ ಹಿಡಿದು, "ಬಾಗಿಲು ಒಡೀಬೇಡ ಮೈಕೆನ್, ತಟ್ಟು ಸಾಕು" ಎಂದಳು.

ನನಗೆ ಜೋಡಿಯಾಗಿ ಸಿಕ್ಕವನು ಬೆರ್ತಿಲ್. ಅರವತ್ತಮೂರು ವರ್ಷ, ನಿವೃತ್ತ ಭೂಮಾಪಕ. ಆರು ವರ್ಷದಿಂದ ಹೊಸಬರ ಗುಂಪಿನಲ್ಲೇ ಇದ್ದ. ಅವನ ಪಾದಗಳ ನಡುವಿನ ಅಂತರ ಅಳತೆಪಟ್ಟಿ ಇಟ್ಟಂತೆ ಇರುತ್ತಿತ್ತು. ಗಲ್ಲ ಕೆಳಗೆ, ಮುಂದೆ ಹೋದ ಕೈ ಅದೇ ದಾರಿಯಲ್ಲಿ ಕೆನ್ನೆಗೆ ವಾಪಸು. ಒಂದೇ ದೋಷ: ಎದುರಿನವರ ಭುಜ ಅಲುಗಿದರೆ ಸಾಕು, ಕಣ್ಣು ಮುಚ್ಚುತ್ತಿದ್ದ.

"ಕಣ್ಣು ಬಿಡೋ ಬೆರ್ತಿಲ್!" ಎನ್ನುತ್ತಿದ್ದೆ.

"ಬಿಟ್ಟೇ ಇದೀನಲ್ಲ."

"ಹಾಗಾದ್ರೆ ನಾನೀಗ ಎಷ್ಟು ಬೆರಳು ತೋರಿಸ್ತಿದೀನಿ ಹೇಳು?"

"ಮೂರು."

"ಗ್ಲೌಸ್ ಹಾಕ್ಕೊಂಡಿದೀನಿ ಮಾರಾಯ."

ಕಣ್ಣು ಮುಚ್ಚಿದರೆ ಕಾವಲು ಲೆಕ್ಕಕ್ಕಿಲ್ಲ. ಹೀಗಾಗಿ ಪ್ರತಿ ವಸಂತದ ಪರೀಕ್ಷೆಯಲ್ಲೂ ಕಾವಲಿಗೆ ಸೊನ್ನೆ, ಅವನು ನಪಾಸು. ಈ ವರ್ಷ ಸಮಿತಿ ಸಭೆ ಸೇರಿತು. ಏಲಕ್ಕಿ ಬನ್ನು ತಿನ್ನುತ್ತ, ಯಾರೂ ದನಿ ಎತ್ತದೆ, ಒಮ್ಮತದಿಂದ ತೀರ್ಮಾನಿಸಿತು: ಈ ಸಲವೂ ಪಾಸಾಗದಿದ್ದರೆ ಬೆರ್ತಿಲನನ್ನು ಗೌರವಪೂರ್ವಕವಾಗಿ ಕಾಫಿ ವಿಭಾಗದ ಮುಖ್ಯಸ್ಥನನ್ನಾಗಿ ಮಾಡುವುದು. ಮುಖ್ಯಸ್ಥ ರಿಂಗ್ ಹತ್ತುವಂತಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಬೆರ್ತಿಲನೂ ತಟ್ಟಿದ. ಆಮೇಲೆ ಶೂ ಕಟ್ಟಿಕೊಳ್ಳುತ್ತ ಬಗ್ಗಿದವನು ಬಹಳ ಹೊತ್ತು ಮೇಲೇಳಲಿಲ್ಲ.

"ರಿಂಗ್ ಬಿಟ್ಟು ಇಲ್ಲಿ ನನಗೇನಿದೆ ಹೇಳು" ಎಂದ.

ನಾವು ಅಭ್ಯಾಸ ಹೆಚ್ಚಿಸಿದೆವು. ಬೆಕ್ಕಿನ ಮೂತಿ ಮುಟ್ಟುವಂತೆ ಅವನ ಮೂಗು ಮುಟ್ಟುತ್ತಿದ್ದೆ. ಆಗಲೂ ಕಣ್ಣು ಮುಚ್ಚುತ್ತಿದ್ದ.

"ಅಷ್ಟೊಂದು ಯಾವುದಕ್ಕೆ ಹೆದರ್ತೀಯ?"

"ಗೊತ್ತಿಲ್ಲ ಕಣೆ. ಆರು ವರ್ಷದಲ್ಲಿ ಯಾರೂ ಹೊಡೆದೇ ಇಲ್ಲ. ಹೇಗಿರುತ್ತೋ ಏನೋ."

ನನಗೆ ಅರ್ಥವಾಯಿತು. ನನಗೆ ನೋಯಬಾರದೆಂದು ಹದಿನಾಲ್ಕು ತಿಂಗಳಿಂದ ನನ್ನೆದುರು ಯಾರೂ ನೀಲ್ಸ್ ಹೆಸರೆತ್ತಿರಲಿಲ್ಲ. ಎಲ್ಲರೂ ಹವಾಮಾನದ ಮಾತಾಡುತ್ತಿದ್ದರು.

ಪರೀಕ್ಷೆಯ ದಿನ ತೀರ್ಪುಗಾರ ಲೆನ್ನಾರ್ಟ್ ಪೆನ್ಸಿಲ್ ಚೂಪು ಮಾಡಿಕೊಂಡು ಕೂತ. ಮೊದಲ ರೌಂಡ್ ಮುಗಿಯಿತು. "ತುಂಬಾ ಚೆನ್ನಾಗಿತ್ತು" ಎನ್ನುತ್ತ ಕಾವಲಿನ ಕೆಳಗೆ ಸೊನ್ನೆ ಬರೆದ.

ಎರಡನೆಯ ರೌಂಡಿನ ನಡುವೆ ನಾನು ಹಿಂದಿನ ಹಿಮ್ಮಡಿ ಎತ್ತಿ, ಸೊಂಟ ತಿರುಗಿಸಿ, ಬಲಗೈ ನೇರ ಬಿಟ್ಟೆ. ಬೇಕೆಂದೇ ಹೊಡೆದೆ. ಬೆರ್ತಿಲ್ ಕುಂಡೆ ಊರಿ ಕೂತ. ಮೂಗಿನಿಂದ ಸ್ವಲ್ಪ ರಕ್ತ ಬಂತು.

ಗಂಟೆ ಹೊಡೆಯಿತು. ಗುನ್ವೋರ್ ಹತ್ತಿ ತಂದಳು. ಲೆನ್ನಾರ್ಟ್ ನಿಯಮದಂತೆ ಮಂಡಿಯೂರಿ ಕೇಳಿದ: "ಬೆರ್ತಿಲ್, ಈಗ ನಿನಗೆ ಏನನ್ನಿಸ್ತಿದೆ? ನಮ್ಮ ಜೊತೆ ಹಂಚ್ಕೊಳ್ತೀಯಾ?"

ಬೆರ್ತಿಲ್ ಮೂಗು ಮುಟ್ಟಿ ನೋಡಿಕೊಂಡ. "ಇಷ್ಟೇನಾ?"

"ಅಂದ್ರೆ?"

"ಇದಕ್ಕಾ ನಾನು ಆರು ವರ್ಷ ಹೆದರಿದ್ದು? ನನ್ನ ಹಲ್ಲಿನ ಡಾಕ್ಟರ್ ಇದಕ್ಕಿಂತ ಜೋರು! ಏಳ್ಸಿ ನನ್ನ."

ಜೋಡಿಯಿಲ್ಲದೆ ಅವನಿಗೆ ಅಂಕ ಹಾಕುವಂತಿರಲಿಲ್ಲ. ಹಾಗಾಗಿ ನನಗೆ ಎಚ್ಚರಿಕೆ ಕೊಟ್ಟು ಉಳಿಸಿಕೊಂಡರು. ಮೂರನೆಯ ರೌಂಡಿನಲ್ಲಿ ಅವನ ಕಣ್ಣಿಂದ ನೀರು ಸುರಿಯುತ್ತಿತ್ತು, ರೆಪ್ಪೆ ಮಾತ್ರ ಬೀಳಲಿಲ್ಲ. ನನ್ನ ಒಂದೊಂದು ಹೊಡೆತವನ್ನೂ ಗ್ಲೌಸಿನಲ್ಲಿ ಹಿಡಿದ. ನನ್ನ ಗಲ್ಲವನ್ನು ಮೂರು ಸಲ, ನಿಯಮದಲ್ಲಿ ಹೇಳಿದಷ್ಟೇ ಮೆಲ್ಲಗೆ, ಮುಟ್ಟಿದ. ಲೆನ್ನಾರ್ಟ್ ಕಾವಲಿಗೆ ಐದಕ್ಕೆ ಐದು ಬರೆಯಬೇಕಾಯಿತು. ಮೊದಲಿನ ಸೊನ್ನೆ ಇದ್ದರೂ ಪಾಸಿಗೆ ಅಷ್ಟು ಸಾಕಿತ್ತು.

ಬೆರ್ತಿಲ್ ಪಾಸು. ನಾನು ನಪಾಸು, 'ಇತರರ ಗಡಿಗಳನ್ನು ಗೌರವಿಸಲು ಕಲಿಯಬೇಕು' ಎಂದು ಷರಾ. ಗ್ಲೌಸಿನ ದಾರ ಬಿಚ್ಚುತ್ತ ಗುನ್ವೋರ್ ಪಿಸುಗುಟ್ಟಿದಳು: "ಸೊಂಟ ಚೆನ್ನಾಗಿ ತಿರುಗಿತ್ತು ಕಣೆ. ಬರೆಯೋಕಾಗಲ್ಲ, ಅಷ್ಟೇ."

ಫೋಟೋ ತೆಗೆಯುವಾಗ ಲೆನ್ನಾರ್ಟ್ ಬೆರ್ತಿಲನ ಹತ್ತಿರ ಹೋಗಿ ಹೇಳಿದ: "ಮೂಗಿನ ಹತ್ತಿ ತೆಗಿ. ಕ್ಲಬ್ಬಿನ ಪತ್ರಿಕೇಲಿ ಬರತ್ತೆ, ಚೆನ್ನಾಗಿ ಕಾಣಲ್ಲ."

"ಹತ್ತಿ ಇರಲಿ ಕಣೋ" ಎಂದ ಬೆರ್ತಿಲ್. "ಬೇಕಾದ್ರೆ ಡಿಪ್ಲೊಮಾ ಕೆಳಗಿಡ್ತೀನಿ."