ಮಗ್ಗದ ಓಣಿಯ ವಂಜಿರು ಟೀಚರ್

ವಂಜಿರು ಟೀಚರ್ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಆಕೆ ಒಬ್ಬ ಗಂಡಸಿನ ಕೈ ಹಿಡಿದ ದಿನ. ಮಹಾರಾಷ್ಟ್ರದ ಗಡಿಯೂರು ಇಚಲಕರಂಜಿಯ ನಮ್ಮ ಓಣಿಯಲ್ಲಿ ಕೆಟ್ಟು ನಿಂತ ಮಗ್ಗ ರಿಪೇರಿ ಮಾಡುವ ಯಮನಪ್ಪ, ಎಣ್ಣೆ ಹತ್ತಿದ ಬಲಗೈಯನ್ನು ಅದು ತನ್ನದೇ ಅಲ್ಲವೆಂಬಂತೆ ಎತ್ತಿ ಹಿಡಿದುಕೊಂಡು ನನ್ನ ಬಾಗಿಲಿಗೆ ಓಡಿ ಬಂದ.

"ರಾಯವ್ವತ್ತಿ, ಸಾಲಿಗೆ ಹೊಸಾ ಟೀಚರಬಾಯಿ ಬಂದಾರ. ಆಫ್ರಿಕಾದಾಗ ಕೀನ್ಯಾ ಅಂತ ಐತೆಂತಲ್ಲ, ಅಲ್ಲಿಯವರು. ನಡು ಓಣ್ಯಾಗ ನನ್ನ ಕೈ ಹಿಡದು ಗದಗದ ಅಲಗ್ಯಾಡಿಸಿದ್ರು!"

"ನೀ ಏನ ಮಾಡಿದಿ?"

"ಎಣ್ಣಿ ಹತ್ತೇತ್ರಿ ಬಾಯಿ ಅಂದೆ. ಹಂಗ ಅನ್ನೂದೇ ತಡ, ಎರಡೂ ಕೈಲೆ ಹಿಡದ್ರು."

"ಹೇಣ್ತಿ ನೋಡಿದಳೇನ?"

"ಆಕಿ ಕೈನೂ ಕುಲುಕಿ ಹೋಗ್ಯಾರ."

ಸಂಜೆಗೆ ಆ ಕೈ ನನ್ನ ಮುಂದೆಯೇ ಬಂದು ನಿಂತಿತು. ಮಾಳಿಗೆ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕೀತೇ ಎಂದು ಕೇಳಲು ಬಂದಿದ್ದಳು. ನನ್ನ ಬಾಗಿಲಿಗೆ ತಲೆ ಬಗ್ಗಿಸಿಯೇ ಒಳಗೆ ಬರಬೇಕಾದಷ್ಟು ಎತ್ತರ. ತುಂಬಿದ ಕೊಡ ನೆತ್ತಿಯ ಮೇಲಿದ್ದವರಂತೆ, ಅವಸರವೆಂಬುದನ್ನೇ ಅರಿಯದ ಗಂಭೀರ ನಡಿಗೆ. ಮೈಮೇಲೆ ನೀಲಿ ಕೋಟು. ಏಪ್ರಿಲ್ ತಿಂಗಳ ಉರಿಬಿಸಿಲಲ್ಲಿ ನಾವೆಲ್ಲ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕೂತರೂ ಆಕೆಯ ಕೋಟಿನ ಒಂದು ಗುಂಡಿಯೂ ಬಿಚ್ಚುತ್ತಿರಲಿಲ್ಲ. ಕೇಳಿದರೆ, "ನಮ್ಮ ಕಡೆ ಟೀಚರ್ ಅಂದ್ರ ಕೋಟು" ಎಂದಷ್ಟೇ ಉತ್ತರ. ಪ್ರತಿ ಮಾತಿನ ಮೊದಲಿಗೆ "ಸಾವಾ, ಸಾವಾ" ಅನ್ನುವಳು. ಅವರ ಭಾಷೆಯಲ್ಲಿ ಆಯ್ತು, ಸರಿ ಎಂದರ್ಥವಂತೆ. ದೀಪಾವಳಿಯೊಳಗೆ ನಮ್ಮ ಓಣಿಯ ಹಾಲಿನವನೂ ಸಾವಾ ಅನ್ನತೊಡಗಿದ್ದ. ಹೆಸರಿನ ವಿಷಯದಲ್ಲಿ ಮಾತ್ರ ಆಕೆ ಪಕ್ಕಾ ಹಟಮಾರಿ. ವನಜಾ ಎಂದವರನ್ನು ನಿಲ್ಲಿಸಿ, ವಂಜಿರು ಎಂದು ಬಾಯಿತುಂಬ ಅನ್ನಿಸಿಯೇ ಬಿಡುತ್ತಿದ್ದಳು. ತಾನೂ ಹಾಗೆಯೇ ಓಣಿಯ ಒಬ್ಬೊಬ್ಬರ ಹೆಸರನ್ನೂ ನಾಲಿಗೆಗೆ ಹತ್ತುವ ತನಕ ನಮ್ಮಿಂದ ಹೇಳಿಸಿಕೊಳ್ಳುತ್ತಿದ್ದಳು.

ಕೊಲ್ಹಾಪುರದಲ್ಲಿ ಕಾಲೇಜು ಓದುವಾಗ ಮರಾಠಿ ಕಲಿತಿದ್ದಳು. ಕನ್ನಡ ನನ್ನ ಒಲೆಯ ಮುಂದೆ ಕೂತು ಕಲಿತಳು. ನಾನೂ ಮದುವೆಯಾಗಿ ಗಡಿಯ ಆ ಕಡೆಯಿಂದ ಈ ಊರಿಗೆ ಬಂದಾಗ ಮರಾಠಿ ಬಾರದೆ, ಅಂಗಡಿಯಲ್ಲಿ ಉಪ್ಪಿಗೂ ಬೆಲ್ಲಕ್ಕೂ ಬೆರಳು ಮಾಡಿ ತೋರಿಸಿದವಳೇ. ಹಾಗಾಗಿ ಆಕೆ ತಡವರಿಸಿದರೆ ನನಗೆ ನಗು ಬರುತ್ತಿರಲಿಲ್ಲ.

ಸಂಕಟ ಹುಟ್ಟಿದ್ದು ಸಾಲಿಯಲ್ಲಿ. ಕಟ್ಟಡದ ಎರಡೂ ಬಾಜೂಕ್ಕೆ ಮಗ್ಗದ ಕಾರ್ಖಾನಿ, ಬೆಳಗಿನಿಂದ ರಾತ್ರಿಯ ತನಕ ಖಟಾಖಟ್ ಖಟಾಖಟ್. ಆ ಸದ್ದಿನ ಮೇಲೆ ಏರಬೇಕೆಂದು ಕೂಗಿ ಕೂಗಿ ಗಣಪತಿ ಹಬ್ಬದ ಹೊತ್ತಿಗೆ ಆಕೆಯ ಗಂಟಲು ಹರಿದ ಚರ್ಮದ ಡೊಳ್ಳಾಗಿತ್ತು. ಪರದೇಶದ ಟೀಚರಬಾಯಿಯ ಮಾತು ಮಕ್ಕಳಿಗೆ ತಿಳಿಯುವುದಿಲ್ಲ ಎಂದು ತಂದೆತಾಯಿಗಳ ದೂರು ಸುರುವಾಯಿತು. ಎಲ್ಲರ ಮುಂದೆ ನಿಂತವನು ಯಮನಪ್ಪ, ಅವನ ಮಗಳು ಪ್ರಣಿತಾ ವಂಜಿರುವಿನ ವರ್ಗದಲ್ಲೇ ಇದ್ದಳು. ದೀಪಾವಳಿಗೆ ಮುಂಚೆ ಪಾಲಕರ ಸಭೆ, ಅಲ್ಲಿ ಅವರು ಒಪ್ಪಿದರೆ ಕೆಲಸ, ಇಲ್ಲದಿದ್ದರೆ ಇಲ್ಲ ಎಂದುಬಿಟ್ಟರು ಹೆಡ್ ಸರ್. ಕೆಲಸ ಹೋದರೆ ಈ ದೇಶದಲ್ಲಿರುವ ಪರವಾನಗಿಯೂ ಹೋಗುತ್ತಿತ್ತು.

ಆ ದಿನಗಳಲ್ಲೇ ಕೋಣೆಯ ಕೀಲಿ ಮರೆತು ಆಕೆ ನನ್ನನ್ನು ಹುಡುಕಿಕೊಂಡು ಕಾರ್ಖಾನಿಗೆ ಬಂದಳು. ಮಗ್ಗದ ಲಾಳಿಯೊಳಗೆ ಕೂಡುವ ಕಾಂಡಿಗೆ ನೂಲು ಸುತ್ತುವುದು ಗಂಡ ತೀರಿಕೊಂಡಾಗಿನಿಂದ ನನ್ನ ಕೆಲಸ. ಆಕೆ ಬಂದ ಹೊತ್ತಿನಲ್ಲಿ ನಾನೂ, ಆಚೆಯ ತುದಿಗೆ ಕೂತ ಬಾಳಕ್ಕನೂ ಹರಟೆ ಹೊಡೆಯುತ್ತಿದ್ದೆವು. ಹರಟೆಯೆಂದರೆ, ದನಿ ಇಲ್ಲದೆ, ಬರೀ ತುಟಿ, ಹುಬ್ಬು, ಬೆರಳಿನಿಂದ; ಮಗ್ಗದ ನಡುವೆ ಬದುಕಿದವರೆಲ್ಲರ ಮಾತು ಅದೇ. ವಂಜಿರು ಬಾಗಿಲಲ್ಲಿ ಬಾಯಿ ತೆರೆದು ನಿಂತಳು.

"ಆಯಿ, ಬಾಳಕ್ಕ ಕಣ್ಣೀರು ಬರೂ ಹಂಗ ನಕ್ಕರು. ನೀವು ಏನ ಹೇಳಿದ್ರಿ?" ಎಂದು ಮನೆಗೆ ಬಂದಮೇಲೆ ಪಿಸುದನಿಯಲ್ಲಿ ಕೇಳಿದಳು.

"ನಾ ಎಲ್ಲಿ ಹೇಳೀನಿ, ಆಕಿನ ಹೇಳಿದ್ಲು. ಅವರ ಬೀಗತಿ ಭಜಿ ಹಿಟ್ಟಿಗೆ ಸೋಡಾ ಅಂತ ಸಾಬೂನ ಪುಡಿ ಹಾಕ್ಯಾಳಂತ."

"ಸಾವಾ. ನನಗ ಈ ದನಿ ಇಲ್ಲದ ಮಾತ ಕಲಿಸ್ರಿ."

ರಜೆಯ ದಿನವೆಲ್ಲ ನನ್ನ ಬಾಜೂಕ್ಕೆ ಕೂತು ಕಲಿತಳು. ಹುಬ್ಬೇರಿಸಿದರೆ ಪ್ರಶ್ನೆ, ಅಂಗೈ ಕೆಳಗಿಳಿಸಿದರೆ ನಿಲ್ಲಿಸು. ಒಮ್ಮೆ ಎದುರಿನವರಿಗೆ ಚಹಾ ಕುಡಿಯಿರಿ ಎನ್ನಲು ಹೋಗಿ ಅಂಗೈ ಇಳಿಸಿಬಿಟ್ಟಳು. ಒಂದು ಸಾಲು ಮಗ್ಗ ಗಪ್ಪಂತ ನಿಂತು, ಮಾಲಕರು ಊಟದ ಕೈಯಲ್ಲೇ ಓಡಿ ಬಂದರು. ಆಕೆ ಅವರ ಎಡಗೈ ಕುಲುಕಿ ಕ್ಷಮೆ ಕೇಳಿದಳು.

ಸಭೆಯ ಮಧ್ಯಾಹ್ನ ನಾನೂ ಹೋಗಿದ್ದೆ. ಹೆಡ್ ಸರ್ ಮೈಕಿನಲ್ಲಿ ಏನು ಹೇಳಿದರೋ, ಮಗ್ಗಗಳು ನುಂಗಿದವು. ಪಾಲಕರ ಗದ್ದಲ ಬೇರೆ. ಯಮನಪ್ಪ ಎದ್ದು, "ಸರ್, ಈ ಟೀಚರಬಾಯಿ ಮಾತ ನಮ್ಮ ಹುಡುಗಿಗೆ..." ಎನ್ನುವಷ್ಟರಲ್ಲಿ, ದನಿ ಪೂರ್ತಿ ಸತ್ತುಹೋಗಿದ್ದ ವಂಜಿರು ಕೋಟು ಸರಿಮಾಡಿಕೊಂಡು ಮುಂದೆ ಬಂದು ಅಂಗೈ ಕೆಳಗಿಳಿಸಿದಳು. ಜೀವಮಾನವೆಲ್ಲ ಆ ಸನ್ನೆಗೆ ಕೈ ನಿಲ್ಲಿಸಿದ ಜನ. ಇಡೀ ಕೋಣೆ ತಣ್ಣಗಾಯಿತು. ಯಮನಪ್ಪ ಕೂತೇಬಿಟ್ಟ. ಆಮೇಲೆ ಆಕೆ ತುಟಿ, ಬೆರಳು, ಹುಬ್ಬುಗಳಿಂದ ಒಂದೊಂದೇ ಮಗುವಿನ ಗುಣದೋಷ ಹೇಳುತ್ತ ಹೋದಳು. ಪ್ರಣಿತಾ ಚಂದ ಓದುತ್ತಾಳೆ, ಆದರೆ ಊಟವಾದ ಮೇಲೆ ಹೀಗೆ, ಎಂದು ಕುತ್ತಿಗೆ ವಾಲಿಸಿ ತೋರಿಸಿದಳು.

"ಮನ್ಯಾಗೂ ಹಂಗ ಮಲಗ್ತಾಳ್ರೀ ಟೀಚರ್!" ಎಂದು ಯಮನಪ್ಪ ಕುಣಿದೆದ್ದ.

ಬೇರೆ ಊರಿನವರಾದ ಹೆಡ್ ಸರ್ ಅವನ ತೋಳು ಹಿಡಿದರು. "ಅವರು ಏನಂದ್ರು?"

"ನಿಮಗ ತಿಳೀಲಿಲ್ಲೇನ್ರಿ? ಇಷ್ಟ ಸ್ವಚ್ಛ ಹೇಳಾಕತ್ತಾರ!"

ಹೆಡ್ ಸರ್ ಎಲ್ಲರಿಗಿಂತ ಜೋರಾಗಿ ನಕ್ಕರು. ಕೆಲಸ ಉಳಿಯಿತು, ಅಂದಿನಿಂದ ವರ್ಗದಲ್ಲೂ ಅದೇ ಸನ್ನೆಯ ಮಾತು ನಡೆದು ಗಂಟಲೂ ಉಳಿಯಿತು.

ಹೋದ ವರ್ಷ ಗಡಹಿಂಗ್ಲಜದ ಒಂದು ದೊಡ್ಡ ಸಾಲಿಯವರು ಆಕೆಯನ್ನು ಕರೆದುಕೊಂಡರು. ಹೊರಗಿನಿಂದ ಬಂದು ಈ ಊರನ್ನು ತಮ್ಮದು ಮಾಡಿಕೊಂಡವರನ್ನು ನಾನು ಭಾಳ ಕಂಡಿದ್ದೇನೆ. ಕೆಲವರು ಮನೆ ಕಟ್ಟಿಸಿದರು, ಕೆಲವರು ಜಗಳಾಡಿಯೇ ಜಾಗ ಹಿಡಿದರು. ವಂಜಿರುವಿನಂಥವರು ವಿರಳ. ಕಲಿಸಲೆಂದು ಬಂದವರು ಮೊದಲು ಕಲಿಯಲು ಕೂಡುತ್ತಾರೆ, ಕಲಿಯುವಾಗ ತಪ್ಪಿದರೆ ನಮಗಿಂತ ಮೊದಲು ತಾವೇ ನಗುತ್ತಾರೆ. ಇಂಥವರು ಯಾವ ಊರಲ್ಲಿ ಇಳಿದರೂ ಆ ಊರಿಗೆ ತನ್ನ ಬಳಿ ಇದ್ದದ್ದು ಏನೆಂದು ಹೊಸದಾಗಿ ತಿಳಿಯುತ್ತದೆ.

ಹೊರಡುವ ದಿನ ಚೀಲ ಎತ್ತಿಕೊಂಡ ಆಕೆ ಮೆಟ್ಟಿಲ ಮೇಲೆ ನಿಂತು ನನ್ನನ್ನು ಒಂದೇ ಒಂದು ಮಾತು ಕೇಳಿಕೊಂಡಳು.

"ಆಯಿ, ನನ್ನ ಜಾಗಾಕ್ಕ ವಿಕಾಸ ಮಾಸ್ತರ ಬರಾಕತ್ತಾರ. ಇಲ್ಲೇ ಬಾಜೂಕಿನ ಕೊಲ್ಹಾಪುರದವರು, ಆದ್ರ ಮಗ್ಗ ಕಣ್ಣಿಲೆ ನೋಡಿಲ್ಲಂತ. ಪಾಪ, ಪರದೇಶಕ್ಕ ಬಂದಂಗ ಆಕ್ಕೈತಿ ಅವರಿಗೆ. ನಾಕು ದಿನ ನಿಮ್ಮ ಬಾಜೂಕ ಕೂಡಿಸ್ಕೋರಿ."